ಜೇನಿನಲ್ಲಿ ನೆನೆದ ತುಳಸಿ

ಕೆಮ್ಮು ಹಿಡಿದವರಿಗೆ ನಮ್ಮ ಕಡೆ ಬರೀ ಜೇನುತುಪ್ಪ ಕೊಡುವ ರೂಢಿ ಕಡಿಮೆ. ಅದಕ್ಕೊಂದು ಜೊತೆ ಇರಲೇಬೇಕು. ಸಾಣೆಕಲ್ಲಿನ ಮೇಲೆ ತೇದ ಒಣಶುಂಠಿ, ಕುಟ್ಟಿದ ನಾಲ್ಕು ಕಾಳುಮೆಣಸು, ಬೆಚ್ಚಗೆ ಹುರಿದು ಪುಡಿ ಮಾಡಿದ ಹಿಪ್ಪಲಿ, ಕೆಂಡದ ಮೇಲೆ ಬಾಡಿಸಿ ಹಿಂಡಿದ ದೊಡ್ಡಪತ್ರೆಯ ರಸ, ತುಳಸಿಯ ರಸ. ಪುಟ್ಟ ಬಟ್ಟಲಲ್ಲೋ ಅಂಗೈಯಲ್ಲೋ ಬೆರಳಿನಿಂದ ಕಲಸಿ, "ನೆಕ್ಕು, ಮೇಲೆ ನೀರು ಕುಡೀಬೇಡ" ಎಂದು ಕೊಡುವ ಮದ್ದು ಅದು. ಆಗ ಕಲಸಿದ್ದು ಆಗಲೇ ಮುಗಿಯಬೇಕು. ಎಲೆಯನ್ನೋ ಬೇರನ್ನೋ ಜೇನಿನಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು, ವಾರಗಟ್ಟಲೆ ಇಟ್ಟು ಆಮೇಲೆ ಸೋಸಿಕೊಳ್ಳುವ ಕ್ರಮ ನಮ್ಮ ಅಡುಗೆಮನೆಗಳಲ್ಲಿ ಅಷ್ಟಾಗಿ ಇರಲಿಲ್ಲ. ಬೆಟ್ಟದ ನೆಲ್ಲಿಕಾಯಿಯನ್ನು ಹಾಗೆ ಹಾಕಿಡುತ್ತಿದ್ದರು, ಅಷ್ಟೆ. ಈಗ ಪೇಟೆಯಲ್ಲಿ ತುಳಸಿ ಜೇನು, ಶುಂಠಿ ಜೇನು, ಚಕ್ಕೆ ಜೇನು ಎಂದು ಬಾಟಲಿಗಳ ಸಾಲೇ ಬಂದಿದೆ. ಕಂಡವರೆಲ್ಲ ಕೇಳುತ್ತಾರೆ, "ಅಕ್ಕಾ, ಇದನ್ನ ಮನೇಲೇ ಮಾಡ್ಕೋಬಹುದಾ?" ಎಂದು. ಖಂಡಿತ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು ಎನ್ನುವವಳು ನಾನು. ಒಲೆ ಹಚ್ಚುವ ಕೆಲಸವೇ ಇಲ್ಲದ ಅಡುಗೆ ಇದು. ಆದರೆ ಯಾವ ಜೇನು, ಎಷ್ಟು ಒಣಗಿದ ಎಲೆ ಎಂಬ ಎರಡು ವಿಷಯದಲ್ಲಿ ಸಡಿಲ ಬಿಡಬಾರದು.

ಮೊದಲು ಜೇನಿನ ಮಾತು. ಚರಕಸಂಹಿತೆಯಲ್ಲಿ ಜೇನನ್ನು ಯೋಗವಾಹಿ ಎಂದು ಕರೆದಿದ್ದಾರೆ. ಯಾವುದರ ಜೊತೆ ಸೇರುತ್ತದೋ ಅದರ ಗುಣವನ್ನು ಹೊತ್ತು ನಡೆಯುವ ಪದಾರ್ಥ. ಅದಕ್ಕೆ ಅಲ್ಲಿ ಕೊಟ್ಟಿರುವ ಕಾರಣ ನನಗೆ ಬಹಳ ಹಿಡಿಸಿದೆ: ಜೇನು ತಾನೇ ನಾನಾ ದ್ರವ್ಯಗಳಿಂದ ಆದದ್ದು, ಹಾಗಾಗಿ ಇನ್ನೊಂದನ್ನು ಒಪ್ಪಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು. ಅಂದರೆ ನಾವು ಭರಣಿಯಲ್ಲಿ ಮಾಡಹೊರಟಿರುವ ಕೆಲಸವನ್ನು ಹುಳುಗಳು ಆಗಲೇ ಕಾಡಿನಲ್ಲಿ ಮಾಡಿ ಮುಗಿಸಿವೆ. ಗಿಡದ ಗುಣ ಜೇನಿಗೆ ಇಳಿಯುತ್ತದೆ ಎನ್ನುವುದು ಬರೀ ನಂಬಿಕೆಯ ಮಾತಲ್ಲ. ಕ್ರಿಸ್ತಪೂರ್ವ 401ರಲ್ಲಿ ಕಪ್ಪು ಸಮುದ್ರದ ದಡದ ಟ್ರೆಬಿಜೋಂಡ್ ಬಳಿ ಬೀಡುಬಿಟ್ಟಿದ್ದ ಗ್ರೀಕ್ ಸೈನಿಕರು ಅಲ್ಲಿನ ಜೇನು ತಿಂದು, ವಾಂತಿಯಾಗಿ, ನಿಲ್ಲಲಾರದೆ ಉರುಳಿಬಿದ್ದದ್ದನ್ನು ಅವರ ಜೊತೆಗಿದ್ದ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಆ ಸೀಮೆಯ ರೋಡೊಡೆಂಡ್ರಾನ್ ಹೂವಿನ ವಿಷ ಮಕರಂದದ ಮೂಲಕ ಜೇನಿಗೆ ಬಂದಿತ್ತು. ಸೈನಿಕರು ಸಾಯಲಿಲ್ಲ, ಎರಡು ಮೂರು ದಿನದಲ್ಲಿ ಎದ್ದು ನಡೆದರು. ವಿಷವನ್ನೇ ಹೀಗೆ ಹೊತ್ತು ತರುವುದಕ್ಕೆ ಪರಿಮಳವನ್ನೂ ಖಾರವನ್ನೂ ಹೊರುವುದು ಏನು ಮಹಾ?

ನಮ್ಮ ನಾಡಿನಲ್ಲಿ ಅಂಥ ಭಯವಿಲ್ಲ, ರುಚಿಯ ವೈವಿಧ್ಯವಿದೆ. ನೇರಳೆ ಹೂವಿನ ಕಾಲದಲ್ಲಿ ಇಳಿಸಿದ ಜೇನಿಗೆ ಕೊನೆಯಲ್ಲೊಂದು ಕಹಿ ಉಳಿಯುತ್ತದೆ. ಮಲೆನಾಡಿನ ಅಂಟುವಾಳದ ಜೇನಿಗೆ ಅದರದೇ ಗತ್ತು. ಕೊಡಗು, ಚಿಕ್ಕಮಗಳೂರಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾದಾಗ ಬರುವ ಜೇನು ಹಗುರ, ಸೌಮ್ಯ. ದಕ್ಷಿಣ ಕನ್ನಡದ ರಬ್ಬರ್ ತೋಟದ ಜೇನಿನ ಕಥೆ ಇನ್ನೂ ಸೊಗಸು. ಅದು ಹೂವಿನದೇ ಅಲ್ಲ. ಎಲೆ ಉದುರಿ ಹೊಸ ಚಿಗುರು ಬರುವಾಗ ತೊಟ್ಟಿನ ತುದಿಯ ಗ್ರಂಥಿಗಳಿಂದ ಒಸರುವ ಸಿಹಿಯನ್ನು ಹುಳುಗಳು ಹೀರಿ ತಂದದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಳಿಸುವ ಹೆಜ್ಜೇನಿನಲ್ಲಿ ಇಡೀ ಕಾಡಿನ ಹೂಗಳು ಬೆರೆತಿರುತ್ತವೆ, ಅದರ ಬಣ್ಣವೇ ಗಾಢ. ಇಂಥ ಕಾಡುಜೇನು, ಅಂಟುವಾಳದ ಜೇನು, ನೇರಳೆಯ ಜೇನು ಸಿಕ್ಕರೆ ದಯವಿಟ್ಟು ಅದಕ್ಕೆ ಏನನ್ನೂ ಹಾಕಬೇಡಿ. ಅವು ತಮ್ಮ ಮಾತನ್ನು ತಾವೇ ಆಡುತ್ತವೆ. ಮುಜಂಟಿ ಜೇನನ್ನಂತೂ ಮುಟ್ಟಲೇಬಾರದು. ಗೋಡೆಯ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಅಂಟಿನ ಕೊಳವೆ ಕಟ್ಟಿಕೊಂಡು ಬದುಕುವ ಆ ಚುಚ್ಚದ ಪುಟ್ಟ ಹುಳುಗಳು ಕೂಡಿಸುವ ಜೇನೇ ಅತ್ಯಲ್ಪ. ಅದು ಹುಳಿ, ತೆಳು, ಹುಟ್ಟಿನಿಂದಲೇ ಔಷಧ. ಎಲೆ ನೆನೆಹಾಕಲು ಬೇಕಾದದ್ದು ತಿಳಿಬಣ್ಣದ, ಮೆದು ರುಚಿಯ, ಚೆನ್ನಾಗಿ ಮಾಗಿದ ಜೇನು. ಕಾಫಿ ಸೀಮೆಯದು ಇದಕ್ಕೆ ಹೇಳಿ ಮಾಡಿಸಿದ್ದು. ಹೊಂಗೆಯದೂ ಆಗುತ್ತದೆ.

ಮಾಗಿದ ಜೇನು ಎಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಇಡೀ ವಿಷಯದ ತಿರುಳು ಇಲ್ಲಿದೆ. ಹುಳು ಹೂವಿನಿಂದ ತರುವ ಮಕರಂದದಲ್ಲಿ ನೀರೇ ಹೆಚ್ಚು. ಗೂಡಿನಲ್ಲಿ ಅದನ್ನು ಬಾಯಿಂದ ಬಾಯಿಗೆ ದಾಟಿಸುತ್ತ, ರೆಕ್ಕೆ ಬೀಸಿ ಗಾಳಿ ಹಾಕುತ್ತ ನೀರಿನಂಶ ಇಳಿಸುತ್ತವೆ. ಸಾಕಷ್ಟು ಗಟ್ಟಿಯಾಯಿತು ಎನ್ನಿಸಿದ ಮೇಲೆ ಎರಿಯ ಆ ಕೋಣೆಗೆ ಮೇಣದ ಮುಚ್ಚಳ ಹಾಕುತ್ತವೆ. ಶಿರಸಿಯ ಕಡೆಯ ಜೇನು ಕೃಷಿಕರೊಬ್ಬರು ನನಗೆ ಹೇಳಿದ್ದರು: "ಅಮ್ಮಾ, ಎರಿ ಮುಚ್ಚಲಿ. ಮುಚ್ಚಿದ ಮೇಲೇ ಅದು ತುಪ್ಪ, ಅಲ್ಲೀವರೆಗೆ ಬರೀ ಹೂವಿನ ನೀರು." ಅವಸರಪಟ್ಟು ಮುಚ್ಚದ ಎರಿಯಿಂದ ತೆಗೆದ ಜೇನು ತೆಳ್ಳಗಿರುತ್ತದೆ, ಸ್ವಲ್ಪ ದಿನಕ್ಕೆ ಹುಳಿಯುತ್ತದೆ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಲ್ಲಿ ಜೇನಿನ ನೀರಿನಂಶ ಶೇಕಡ 20 ಮೀರಬಾರದು ಎಂದಿದೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಹುಳುವಿನ ಜೇನಿನಲ್ಲಿ, ಅದರಲ್ಲೂ ಮಲೆನಾಡಿನ ತೇವದ ಹವೆಯಲ್ಲಿ, ಅದು ಸಹಜವಾಗಿಯೇ 22, 23 ಮುಟ್ಟುವುದುಂಟು. ಅದು ಕಲಬೆರಕೆ ಎಂದಲ್ಲ, ಬೇಗ ತಿಂದು ಮುಗಿಸಬೇಕಾದ ಜೇನು ಎಂದರ್ಥ.

ಈಗ ಲೆಕ್ಕ ಹಾಕೋಣ. ಶೇಕಡ 18ರಷ್ಟು ನೀರಿರುವ ಒಳ್ಳೆಯ ಜೇನು ಅರ್ಧ ಕೆಜಿ ತೆಗೆದುಕೊಂಡಿರಿ. ಅದರಲ್ಲಿ ನೀರು 90 ಗ್ರಾಂ. ಅದಕ್ಕೆ ಅಂಗಳದಿಂದ ಆಗತಾನೇ ಕೊಯ್ದು ತಂದ 50 ಗ್ರಾಂ ಹಸಿ ತುಳಸಿ ಹಾಕಿದಿರಿ. ಹಸಿ ಎಲೆಯ ತೂಕದಲ್ಲಿ ಬಹುಪಾಲು ನೀರೇ. 40 ಗ್ರಾಂ ಎಂದು ಹಿಡಿಯೋಣ. ಉಪ್ಪು ಬೆರೆಸಿಟ್ಟ ಮಾವಿನ ಮಿಡಿಯಿಂದ ನೀರು ಒಸರುವ ಹಾಗೆ, ಜೇನು ಎಲೆಯ ನೀರನ್ನೆಲ್ಲ ಹೊರಗೆಳೆದುಕೊಳ್ಳುತ್ತದೆ. ಈಗ ಒಟ್ಟು 550 ಗ್ರಾಂನಲ್ಲಿ ನೀರು 130 ಗ್ರಾಂ, ಅಂದರೆ ಶೇಕಡ 24ರ ಹತ್ತಿರ. ನಾವೇ ಕೈಯಾರೆ ಮಾಗಿದ ಜೇನನ್ನು ಮಾಗದ ಜೇನು ಮಾಡಿದ ಹಾಗಾಯಿತು. ಜೇನಿನಲ್ಲಿ ಸದಾ ಇದ್ದು, ಸಕ್ಕರೆಯ ಸಾಂದ್ರತೆಗೆ ಹೆದರಿ ಸುಮ್ಮನಿರುವ ಯೀಸ್ಟ್ ಈಗ ಎಚ್ಚೆತ್ತುಕೊಳ್ಳುತ್ತದೆ. ಮೇಲೆ ನೊರೆ ಬರುತ್ತದೆ, ಮುಚ್ಚಳ ತೆಗೆದರೆ ಬುಸ್ಸೆನ್ನುತ್ತದೆ, ಹುಳಿವಾಸನೆ ಹೊಡೆಯುತ್ತದೆ. ತುಡುವೆ ಜೇನಿಗೆ ಹಸಿ ಎಲೆ ಹಾಕಿದರಂತೂ ಪ್ರಮಾಣ 27ನ್ನೂ ದಾಟುತ್ತದೆ. ಎಷ್ಟೋ ಅಡುಗೆ ವಿಡಿಯೋಗಳಲ್ಲಿ ಹಸಿರು ಎಲೆಗಳನ್ನು ಹೊಂಬಣ್ಣದ ಜೇನಿನಲ್ಲಿ ಮುಳುಗಿಸಿ ತೋರಿಸುತ್ತಾರೆ. ನೋಡಲು ಚಂದವೇ. ಆದರೆ ಇಡಲಿಕ್ಕೆ ಮಾಡುವ ಜೇನಿಗೆ ಒಣಗಿದ ಎಲೆಯನ್ನೇ ಹಾಕಬೇಕು. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ತುಳಸಿ ಒಣಗಿಸಲು ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಎಲೆ ಒಣಗುವ ಮೊದಲೇ ಕಪ್ಪಾಗಿ ಬೂಸಲು ಹಿಡಿಯುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು ಕೊಯ್ಯಬೇಕು. ಕೃಷ್ಣ ತುಳಸಿಯಾದರೆ ಘಾಟು ಹೆಚ್ಚು, ಕೆಮ್ಮಿಗೆ ಇಡುವುದಾದರೆ ಅದೇ ಇರಲಿ. ಎಲೆಯ ಜೊತೆ ನಾಲ್ಕು ಕದಿರನ್ನೂ ಸೇರಿಸಿ. ಪರಿಮಳ ಅದರಲ್ಲೂ ತುಂಬಿರುತ್ತದೆ. ತೊಳೆದು, ಬಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಘಮವೂ ಜೊತೆಯಲ್ಲೇ ಹಾರಿಹೋಗುತ್ತದೆ. ಬೆರಳ ನಡುವೆ ಹಿಡಿದರೆ ಚರ್ರೆಂದು ಪುಡಿಯಾಗಬೇಕು, ಅದೇ ಹದ. ಅರ್ಧ ಕೆಜಿ ಜೇನಿಗೆ ಹೀಗೆ ಒಣಗಿದ ಎಲೆ 10ರಿಂದ 15 ಗ್ರಾಂ ಸಾಕು.

ಭರಣಿ ಗಾಜಿನದಿರಲಿ. ತೊಳೆದು, ಬಿಸಿಲಲ್ಲಿ ಒಣಗಿಸಿ, ಒಳಗೆ ಒಂದು ಹನಿ ನೀರಿಲ್ಲದಂತೆ ನೋಡಿಕೊಳ್ಳಬೇಕು. ಜೇನು ನೀರಿಗಿಂತ ತೂಕದ್ದು, ಅರ್ಧ ಕೆಜಿ ಅಂದರೆ ಸುಮಾರು 350 ಮಿಲಿ ಅಷ್ಟೇ. ತೀರಾ ದೊಡ್ಡ ಭರಣಿ ಬೇಡ, ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಎಲೆಯನ್ನು ಪುಡಿ ಮಾಡಬೇಡಿ, ಕೈಯಲ್ಲಿ ಒಂದೆರಡು ಸಲ ಮುರಿದರೆ ಸಾಕು. ಪುಡಿ ಮಾಡಿದರೆ ಆಮೇಲೆ ಸೋಸುವಾಗ ಕಷ್ಟ, ಜೇನು ಕೊನೆಯವರೆಗೂ ಮಣ್ಣುಮಣ್ಣಾಗಿ ಉಳಿಯುತ್ತದೆ. ಎಲೆ ಹಾಕಿ, ಜೇನನ್ನು ನಿಧಾನವಾಗಿ ಹೊಯ್ದು, ಒಣ ಚಮಚದ ಹಿಡಿಯಿಂದ ಗಾಳಿಗುಳ್ಳೆ ಬಿಡಿಸಿ, ಇನ್ನಷ್ಟು ಜೇನು ತುಂಬಿ ಮುಚ್ಚಬೇಕು. ಎಲೆ ತೇಲಿಕೊಂಡು ಮೇಲೆ ಬರುತ್ತದೆ. ಅದಕ್ಕೇ ಮೊದಲ ವಾರ ದಿನಕ್ಕೊಮ್ಮೆ ಭರಣಿಯನ್ನು ತಲೆಕೆಳಗು ಮಾಡಿಡುವುದು. ಮಕ್ಕಳಿದ್ದ ಮನೆಯಲ್ಲಿ ಈ ಕೆಲಸ ಅವರಿಗೇ ಬಿಡಿ. ಎಲೆಗಳು ಜೇನಿನೊಳಗೆ ಮೆಲ್ಲಗೆ ಏರುವುದನ್ನು ಅವರು ಎಷ್ಟು ಹೊತ್ತಾದರೂ ನೋಡುತ್ತ ಕೂರುತ್ತಾರೆ. ಎರಡು ವಾರಕ್ಕೆ ರುಚಿ ನೋಡಬಹುದು, ಮೂರು ನಾಲ್ಕು ವಾರಕ್ಕೆ ಸೋಸಬಹುದು. ಅದಕ್ಕಿಂತ ಹೆಚ್ಚು ಬಿಟ್ಟರೆ ತುಳಸಿಯ ಒಗರು ಇಳಿದು ಸಿಹಿಯನ್ನು ಮುಚ್ಚುತ್ತದೆ.

ಬೇಗ ಆಗಲಿ ಎಂದು ಜೇನನ್ನು ಒಲೆಯ ಮೇಲೆ ಇಡುವವರಿದ್ದಾರೆ. ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದರೆ ಆಯಿತು ಎಂದು ಬರೆದವರೂ ಇದ್ದಾರೆ. ಅದು ಬೇಡ. ಆಯುರ್ವೇದ ಜೇನನ್ನು ಬಿಸಿ ಮಾಡಬಾರದೆಂದು ಖಡಾಖಂಡಿತ ಹೇಳುತ್ತದೆ. ಲೇಹ್ಯ ಮಾಡುವವರನ್ನು ನೋಡಿ: ಬೆಲ್ಲವೋ ಸಕ್ಕರೆಯೋ ಪಾಕ ಬಂದು, ಮೂಲಿಕೆಯ ಪುಡಿ ಸೇರಿ, ತುಪ್ಪ ಬಿಟ್ಟು, ಕೆಳಗಿಳಿಸಿ, ಪೂರಾ ತಣಿದ ಮೇಲೆ ಕೊನೆಗೆ ಜೇನು ಬೀಳುತ್ತದೆ. ಇಂದಿನ ರಸಾಯನಶಾಸ್ತ್ರ ಹೇಳುವ ಕಾರಣ ಬೇರೆಯಾದರೂ ಸಲಹೆ ಅದೇ ದಿಕ್ಕಿನದು. ಕಾಯಿಸಿದಷ್ಟೂ ಜೇನಿನ ಕಿಣ್ವಗಳು ನಶಿಸುತ್ತವೆ. ಸೂಕ್ಷ್ಮಜೀವಿಗಳನ್ನು ತಡೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುವುದು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ. ಅದು ಬಿಸಿಗೂ ಬೆಳಕಿಗೂ ಸೋಲುತ್ತದೆ. ಜೊತೆಗೆ ಎಚ್‌ಎಂಎಫ್ ಎಂಬ ವಸ್ತು ಏರುತ್ತದೆ. ಜೇನು ಹಳತಾಗಿದೆಯೇ, ಕಾಯಿಸಿದ್ದೇ ಎಂದು ಪ್ರಯೋಗಾಲಯದವರು ಅಳೆಯುವುದು ಇದನ್ನೇ. ಹಾಗಾದರೆ ಎಷ್ಟು ಬೆಚ್ಚಗೆ ಮಾಡಬಹುದು? ಇದಕ್ಕೆ ಗೂಡನ್ನೇ ಕೇಳಬೇಕು. ಮರಿಗಳಿರುವ ಎರಿಯ ಸುತ್ತ ಹುಳುಗಳು 34, 35 ಡಿಗ್ರಿ ಶಾಖ ಕಾಪಾಡಿಕೊಳ್ಳುತ್ತವೆ. ಅಷ್ಟು ಬಿಸುಪು ಜೇನಿಗೆ ಗೊತ್ತಿರುವಂಥದ್ದೇ. ಸೋಸುವಾಗ ಸರಾಗ ಇಳಿಯಲೆಂದು ಭರಣಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಬಹುದು. ಅಲ್ಲಿಗೆ ನಿಲ್ಲಿಸಿ. ಇಡುವ ಜಾಗ ಕಪಾಟಿನ ಒಳಗಿರಲಿ. ಕಿಟಕಿಯ ಬಿಸಿಲಿನಲ್ಲಿ ಹೊಳೆಯುವ ಭರಣಿ ಚಿತ್ರಕ್ಕೆ ಚೆನ್ನ, ಜೇನಿಗಲ್ಲ.

ಬೇರೆ ಮೂಲಿಕೆಗಳ ವಿಚಾರಕ್ಕೆ ಬಂದರೆ, ನನ್ನ ಮಟ್ಟಿಗೆ ತುಳಸಿಯ ನಂತರದ ಜಾಗ ಒಣಶುಂಠಿಯದು. ಹಸಿಶುಂಠಿಗೂ ಒಣಶುಂಠಿಗೂ ಖಾರದಲ್ಲೇ ವ್ಯತ್ಯಾಸವಿದೆ; ಒಣಗುವಾಗ ಜಿಂಜರಾಲ್ ಎಂಬುದು ಶೋಗಾಲ್ ಆಗಿ ಮಾರ್ಪಟ್ಟು ಖಾರ ಚುರುಕಾಗುತ್ತದೆ. ಜಜ್ಜಿದ ತುಂಡುಗಳನ್ನು ಹಾಕಿ. ಅದರ ಜೊತೆ ಜ್ಯೇಷ್ಠಮಧುವಿನ ಒಂದು ಕಡ್ಡಿ ಸೀಳಿ ಹಾಕಿದರೆ ಗಂಟಲಿಗೆ ಬಹಳ ಹಿತ, ಆದರೆ ರಕ್ತದೊತ್ತಡ ಇರುವವರು ಜ್ಯೇಷ್ಠಮಧುವಿನಿಂದ ದೂರವಿರಬೇಕು. ಏಲಕ್ಕಿಯನ್ನು ಸಿಪ್ಪೆ ಸಮೇತ ಜಜ್ಜಿ ಹಾಕಿದ ಜೇನು ದೋಸೆಗೆ ಚೆನ್ನ. ಲವಂಗ ಮೂರು ನಾಲ್ಕಕ್ಕೆ ಮೀರಬಾರದು. ಅದರ ಯೂಜಿನಾಲ್ ಬಾಯಿ ಜೋಮು ಹಿಡಿಸುತ್ತದೆ. ತುಳಸಿಯಲ್ಲೂ ಇರುವುದು ಇದೇ ಯೂಜಿನಾಲ್, ಅದಕ್ಕೇ ಎರಡರ ಘಮದಲ್ಲಿ ನಂಟಿದೆ. ನಾಟಿ ಗುಲಾಬಿಯ ಒಣದಳ ಹಾಕಿದ ಜೇನು ಮಾತ್ರ ಮದ್ದಿನ ಸಾಲಿಗೆ ಸೇರುವುದಿಲ್ಲ, ಅದು ಸುಖದ ಸಾಲಿನದು. ಹಾಲಿಗೆ, ಗಟ್ಟಿ ಮೊಸರಿಗೆ ಹಾಕಿಕೊಂಡು ತಿಂದವರಿಗೆ ಗೊತ್ತು.

ಯುರೋಪಿನವರು ಜೇನಿನಲ್ಲಿ ಥೈಮ್ ಎಂಬ ಸೊಪ್ಪನ್ನು ಹಾಕಿಡುತ್ತಾರೆ, ಕೆಮ್ಮಿಗೆಂದೇ. ಪೇಟೆಯಲ್ಲಿ ಅದರ ಪುಟ್ಟ ಡಬ್ಬಿಗೆ ಸಾಕಷ್ಟು ದುಡ್ಡು ಕೊಟ್ಟು ತರುವವರನ್ನು ಕಂಡಾಗ ನನಗೆ ನಮ್ಮ ದೊಡ್ಡಪತ್ರೆಯ ಬಗ್ಗೆ ಸಂಕಟವಾಗುತ್ತದೆ. ಥೈಮಿನ ಔಷಧಗುಣಕ್ಕೆ ಕಾರಣವಾದ ಥೈಮಾಲ್, ಕಾರ್ವಕ್ರಾಲ್ ಎರಡೂ ದೊಡ್ಡಪತ್ರೆಯಲ್ಲಿವೆ. ಓಂಕಾಳಿನಲ್ಲೂ ಥೈಮಾಲ್ ಧಾರಾಳ. ಕರಾವಳಿಯಲ್ಲಿ ಸಾಂಬ್ರಾಣಿ ಎಂದು ಕರೆದು ಬಾವಿಕಟ್ಟೆಯ ಬುಡದಲ್ಲಿ ಬೆಳೆಸುವ, ತಂಬುಳಿ ಮಾಡಿ ಉಣ್ಣುವ ಗಿಡ ಅದು. ಒಂದು ಕಡ್ಡಿ ಊರಿದರೆ ಸಾಕು, ಬದುಕಿಕೊಳ್ಳುತ್ತದೆ. ತೊಡಕು ಒಂದೇ: ಆ ಎಲೆ ದಪ್ಪ, ರಸಭರಿತ, ಒಣಗುವುದೇ ಇಲ್ಲವೇನೋ ಅನ್ನಿಸುವಷ್ಟು ಹಟಮಾರಿ. ಹೀಗಾಗಿ ದೊಡ್ಡಪತ್ರೆಯ ಮಟ್ಟಿಗೆ ಹಳೆಯ ಕ್ರಮವೇ ಸರಿ. ಬೇಕೆಂದಾಗ ಬಾಡಿಸಿ, ಹಿಂಡಿ, ಒಂದು ಚಮಚ ಜೇನಿಗೆ ಕಲಸಿ ಆಗಲೇ ನೆಕ್ಕುವುದು. ಹಸಿಶುಂಠಿಯನ್ನೂ ಪುಟ್ಟ ಬಾಟಲಿಯಲ್ಲಿ ಮಾಡಿ ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸುವುದಾದರೆ ಅಡ್ಡಿಯಿಲ್ಲ. ಹಸಿ ಬೆಳ್ಳುಳ್ಳಿಯನ್ನು ತಿಂಗಳುಗಟ್ಟಲೆ ಜೇನಿನಲ್ಲಿ ಹುದುಗಿಸುವುದು ಈಚೆಗೆ ಬಹಳ ಪ್ರಚಾರದಲ್ಲಿದೆ. ಮಣ್ಣಿನಲ್ಲಿ ಬೆಳೆದ ಗಡ್ಡೆಯ ಜೊತೆ ಮಣ್ಣಿನ ರೋಗಾಣುಬೀಜಗಳೂ ಬರುತ್ತವೆ, ಮೇಲೆ ಜೇನು ನೀರಾಗುತ್ತದೆ. ನಾನು ಅದನ್ನು ಮಾಡುವುದಿಲ್ಲ, ಮಾಡಿ ಎನ್ನುವುದೂ ಇಲ್ಲ.

ರೋಗಾಣುಬೀಜದ ಮಾತು ಬಂದದ್ದರಿಂದ ಬಾಣಂತಿಯರ ಮನೆಗೆ ಒಂದು ಮಾತು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು, ಬಜೆ ತೇದು ಜೇನಿನಲ್ಲಿ ಒಳಲೆಗೆ ಹಾಕಿ ಕೊಡುವುದು ನಮ್ಮಲ್ಲಿ ತುಂಬ ಪ್ರೀತಿಯಿಂದ ನಡೆದುಬಂದ ಪದ್ಧತಿ. ಆದರೂ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ, ಬರೀ ಜೇನೂ ಬೇಡ, ಮೂಲಿಕೆಯದ್ದೂ ಬೇಡ. ಎಷ್ಟು ಶುದ್ಧ ಜೇನಿನಲ್ಲೂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು. ದೊಡ್ಡವರ ಕರುಳಿನಲ್ಲಿ ಅವು ಏನೂ ಮಾಡಲಾರವು. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸಿ ಸ್ನಾಯುಗಳನ್ನೇ ಸೋಲಿಸಬಲ್ಲವು. ಅಜ್ಜಿಯರಿಗೆ ಇದನ್ನು ಹೇಳುವುದು ಕಷ್ಟ, ಹೇಳಲೇಬೇಕು. ವರ್ಷ ದಾಟಿದ ಮಕ್ಕಳಿಗೆ ರಾತ್ರಿ ಮಲಗುವಾಗ ಒಂದು ಚಮಚ ಕೆಮ್ಮಿಗೆ ಹಿತವೇ. ಬ್ರಿಟನ್ನಿನಲ್ಲಿ ವೈದ್ಯಕೀಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2018ರಲ್ಲಿ ಹೊಸದಾಗಿ ಹಿಡಿದ ಕೆಮ್ಮಿಗೆ ಆಂಟಿಬಯಾಟಿಕ್‌ಗಿಂತ ಮೊದಲು ಜೇನಿನಂಥ ಮನೆಮದ್ದನ್ನು ನೋಡಿ ಎಂದು ವೈದ್ಯರಿಗೇ ಸೂಚಿಸಿತು. ಮಧುಮೇಹ ಇದ್ದವರು ಮಾತ್ರ ಎಷ್ಟು ತುಳಸಿ ಹಾಕಿದರೂ ಜೇನಿನ ಬಹುಭಾಗ ಸಕ್ಕರೆಯೇ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಮಾಡುವುದು ನಿಜವಾದ ಜೇನಿನಿಂದಲೇ ಆಗಬೇಕಲ್ಲ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪರೀಕ್ಷೆ ಮಾಡಿಸಿದ 13 ಬ್ರ್ಯಾಂಡ್‌ಗಳಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದವು 3 ಮಾತ್ರ. ನೀರಿನಲ್ಲಿ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಹಚ್ಚುವುದು, ಇವುಗಳಿಂದ ಈಗಿನ ಕಲಬೆರಕೆ ಗೊತ್ತಾಗುವುದಿಲ್ಲ. ಚಳಿಗೆ ಹರಳುಗಟ್ಟಿದ ಜೇನನ್ನು ಸಕ್ಕರೆ ಬೆರೆಸಿದ್ದು ಎಂದು ಎಸೆಯುವುದೂ ತಪ್ಪು. ಗ್ಲೂಕೋಸ್ ಹೆಚ್ಚಿರುವ ಸೂರ್ಯಕಾಂತಿ, ಸಾಸಿವೆ, ರಬ್ಬರ್ ಜೇನು ಗಟ್ಟಿಯಾಗುವುದು ಅದರ ಸಹಜ ಗುಣ. ಗುರುತಿನ ಕೃಷಿಕರಿಂದಲೋ ಊರ ಸಹಕಾರ ಸಂಘದಿಂದಲೋ ಕೊಳ್ಳುವುದೇ ದಾರಿ. ಅದಕ್ಕೆ ಇನ್ನೊಂದು ಕಾರಣವೂ ಇದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಿಗೆ ಬಡಿದು, ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತು, ಕೊಡಗು, ಮಲೆನಾಡುಗಳಲ್ಲಿ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಖಾಲಿಯಾದವು. ಎಷ್ಟೋ ಮನೆಯವರು ಜೇನು ಸಾಕುವುದನ್ನೇ ಬಿಟ್ಟರು. ಉಳಿದ ಕುಟುಂಬಗಳಿಂದ ಮತ್ತೆ ಕಟ್ಟಿ ಬೆಳೆಸಿದವರ ಜೇನು ಸ್ವಲ್ಪ ತೆಳುವಾಗಿದ್ದರೂ ನನಗೆ ಅದೇ ಬೇಕು. ಅದಕ್ಕೆ ಎಲೆಯನ್ನು ಇನ್ನೂ ಚೆನ್ನಾಗಿ ಒಣಗಿಸಿ ಹಾಕಿ, ಫ್ರಿಜ್‌ನಲ್ಲಿಟ್ಟು, ಎರಡು ಮೂರು ತಿಂಗಳಲ್ಲಿ ಮುಗಿಸಿದರಾಯಿತು. ಮಾಗಿದ ಗಟ್ಟಿ ಜೇನಿನಲ್ಲಿ ಮಾಡಿದ್ದಾದರೆ ವರ್ಷವಿಟ್ಟರೂ ಕೆಡುವುದಿಲ್ಲ, ಆರು ತಿಂಗಳ ಮೇಲೆ ಘಮ ಮಾತ್ರ ಇಳಿಯುತ್ತ ಬರುತ್ತದೆ.

ಸೋಸಿದ ಮೇಲೆ ಜರಡಿಯಲ್ಲಿ ಉಳಿಯುವ ಜೇನು ಮೆತ್ತಿದ ಎಲೆಗಳನ್ನು ದಯವಿಟ್ಟು ಚೆಲ್ಲಬೇಡಿ. ಜೇನಿಗೆ ತುಳಸಿಯ ಸಾರವನ್ನೆಲ್ಲ ಹೀರಿಕೊಳ್ಳುವ ಶಕ್ತಿಯಿಲ್ಲ, ಎಲೆಯಲ್ಲಿ ಇನ್ನೂ ಸಾಕಷ್ಟು ಉಳಿದಿರುತ್ತದೆ. ಕೊತ್ತಂಬರಿ, ಜೀರಿಗೆ, ನಾಲ್ಕು ಮೆಣಸು ಹಾಕಿ ಕುದಿಸಿದ ಕಷಾಯವನ್ನು ಒಲೆಯಿಂದ ಇಳಿಸಿ, ಕುಡಿಯುವಷ್ಟು ತಣಿದ ಮೇಲೆ ಈ ಎಲೆಗಳನ್ನು ಹಾಕಿ ಕದಡಿ ಮುಚ್ಚಿಡಿ. ಐದು ನಿಮಿಷ ಬಿಟ್ಟು ಸೋಸಿ ಕುಡಿಯಿರಿ, ಬೆಲ್ಲ ಬೇಕಾಗುವುದಿಲ್ಲ. ಹಾಲು ಬೇಕೆನ್ನುವವರು ಲೋಟಕ್ಕೆ ಬಗ್ಗಿಸಿಕೊಂಡ ಮೇಲೆ ಒಂದೆರಡು ಚಮಚ ಹಾಕಿಕೊಳ್ಳಲಿ. ಪಾತ್ರೆಗೇ ಸುರಿದರೆ ತುಳಸಿಯ ಘಮ ಹಾಲಿನಡಿ ಮುಚ್ಚಿಹೋಗುತ್ತದೆ.